ಆರು ದಿನ ನೀರು ಕುಡಿದ ನೆಲ

ಬೆಳಿಗ್ಗೆ ಎಂಟೂವರೆಗೆ ಪೂಜೆ. ಕಾಳಯ್ಯ ಆರು ಗಂಟೆಗೇ ಬಂದು, ಹೊಸ ಟೆಲಿಫೋನ್ ಎಕ್ಸ್‌ಚೇಂಜಿನ ಯಂತ್ರದ ಕೋಣೆಯಲ್ಲಿ ಕುಕ್ಕರಗಾಲಲ್ಲಿ ಕೂತು, ತಾನೇ ಹಾಕಿದ ಕೆಂಪು ಸಿಮೆಂಟಿನ ನೆಲವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಉಜ್ಜಿ ನೋಡುತ್ತಿದ್ದ. ಉಜ್ಜಿದಲ್ಲೆಲ್ಲ ಬೆರಳು ಕೆಂಪಾಗುತ್ತಿತ್ತು. ಹೆಗಲ ಮೇಲಿನ ಟವಲಿಗೆ ಒರೆಸಿಕೊಂಡು, ಒಂದು ಮಾರು ಆಚೆ ಹೋಗಿ ಮತ್ತೆ ಉಜ್ಜಿದ. ಅಲ್ಲೂ ಕೆಂಪು. ನೋಡುವವರ ಕಣ್ಣಿಗೆ ಮಾತ್ರ ನೆಲ ಥಳಥಳ ಹೊಳೆಯುತ್ತಿತ್ತು, ಬಗ್ಗಿದರೆ ಮುಖ ಕಾಣುವಷ್ಟು. ಆ ಹೊಳಪೆಲ್ಲ ಕೊಬ್ಬರಿ ಎಣ್ಣೆ ಮತ್ತು ಮೇಣದ ಪ್ರತಾಪ ಎಂದು ಇಡೀ ಮೈಸೂರಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ: ನೆಲದ ಮೇಸ್ತ್ರಿ ಕಾಳಯ್ಯನಿಗೆ, ಅವನ ಹೆಂಡತಿ ಬೋರಮ್ಮನಿಗೆ.

ಇದು ಐವತ್ತೊಂಬತ್ತನೇ ಇಸವಿಯ ಮಾತು. ಅಲ್ಲಿಯವರೆಗೆ ಟೆಲಿಫೋನ್ ಎತ್ತಿದರೆ ಆ ಕಡೆಯಿಂದ ಒಬ್ಬಳು ನಂಬರು ಕೇಳಿ, ತಂತಿ ಚುಚ್ಚಿ, ಮಾತಿಗೆ ಮಾತು ಸೇರಿಸುತ್ತಿದ್ದಳು. ಇನ್ನು ಮುಂದೆ ಅದನ್ನೆಲ್ಲ ಯಂತ್ರವೇ ಮಾಡುತ್ತದಂತೆ. ಬೀರುವಿನಂತೆ ಸಾಲಾಗಿ ನಿಲ್ಲುವ ಯಂತ್ರಗಳು, ಒಳಗೆ ಸಾವಿರಾರು ಪುಟ್ಟ ತಗಡಿನ ನಾಲಿಗೆಗಳು. ಎರಡು ನಾಲಿಗೆ ತಾಗಿದರೆ ಮಾತು; ನಡುವೆ ಒಂದು ಕಣ ಧೂಳು ಕೂತಿತೋ, ಮಾತು ಬಂದ್. ಹಾಗಾಗಿ ಆ ಕಟ್ಟಡದ ಗೋಡೆ, ಸೂರು, ಕಿಟಕಿ ಯಾವುದಕ್ಕೂ ಆಗದಷ್ಟು ದೊಡ್ಡ ರಾಮಾಯಣ ನೆಲದ ವಿಷಯಕ್ಕೆ ಆಯಿತು.

ಕಡಪ ಕಲ್ಲು ಹಾಸಿದರೆ ಸಂದಿಯ ಗಾರೆ ಉದುರುತ್ತದೆ ಎಂದರು. ಮೊಸಾಯಿಕ್ ಹಾಕಿದರೆ ಅದನ್ನು ಉಜ್ಜುವ ಯಂತ್ರ ಬೆಂಗಳೂರಿನಿಂದ ಬರಬೇಕು, ಅದು ಬರುವುದು ಯಾವ ಕಾಲಕ್ಕೋ. ಮದ್ರಾಸಿನ ದೊಡ್ಡ ಸಾಹೇಬರು ಲಿನೋಲಿಯಂ ಎಂದು ಪಟ್ಟು ಹಿಡಿದಿದ್ದರು. ಅದು ಚಾಪೆಯಂತೆ ಸುರುಳಿ ಸುತ್ತಿ ಬರುವ ದಪ್ಪ ಹಾಸು, ಅಂಟು ಬಳಿದು ಕೂರಿಸುವುದು. ಇಲ್ಲಿನ ಎಂಜಿನಿಯರ್ ದೊರೆಸ್ವಾಮಿಯವರು ಅದಕ್ಕೆ ಮೂಗು ಮುರಿದರು. ಅವರಿಗೆ ದೇವರಾಜ ಮೊಹಲ್ಲಾದ ಒಂದು ಜವಳಿ ಅಂಗಡಿಯ ಕೆಂಪು ಸಿಮೆಂಟಿನ ನೆಲ ಕಣ್ಣಿಗೆ ಬಿದ್ದಿತ್ತು. ಇಪ್ಪತ್ತು ವರ್ಷದಿಂದ ಊರಿನ ಅರ್ಧ ಜನ ತುಳಿದ ನೆಲ. ದೊರೆಸ್ವಾಮಿಯವರು ಪ್ಯಾಂಟಿನ ಮಡಿಕೆಯನ್ನೂ ಲೆಕ್ಕಿಸದೆ ಮಂಡಿಯೂರಿ ಕೂತು ಅಂಗೈ ಉಜ್ಜಿದರು. ಅಂಗೈ ಚೊಕ್ಕವಾಗಿತ್ತು. ಇದನ್ನು ಹಾಕಿದವರು ಯಾರು ಎಂದು ವಿಚಾರಿಸಿ, ಅಶೋಕಪುರಂನಿಂದ ಕಾಳಯ್ಯನನ್ನು ಕರೆಸಿದರು.

"ಏನಪ್ಪಾ ಕಾಳಯ್ಯ, ಧೂಳೇ ಏಳದ ಹಾಗೆ ಹಾಕ್ತೀಯಾ?"

"ನೀರು ಸರ್ಯಾಗಿ ಕುಡುದ್ರೆ ಏಳಾಕಿಲ್ಲ ಸಾಮಿ."

"ಕುಡಿಸು. ಬೇಡ ಅಂದೋರು ಯಾರು?"

ಅಷ್ಟು ಹೇಳಿ, ಮದ್ರಾಸಿಗೆ ಕಾಗದ ಬರೆದರು. ನೆಲಕ್ಕೆ ನಾನು ಜವಾಬ್ದಾರ, ಧೂಳು ಕಂಡರೆ ನನ್ನನ್ನು ಕೇಳಿ ಎಂದು. ಬರೆದದ್ದನ್ನು ಕಾಳಯ್ಯನಿಗೆ ಕನ್ನಡದಲ್ಲಿ ಓದಿಯೂ ಹೇಳಿದರು. ಒಬ್ಬ ಎಂಜಿನಿಯರು ತನ್ನ ಕೈಗೆಲಸಕ್ಕೆ ಹೆಸರು ಒತ್ತೆ ಇಟ್ಟದ್ದು ಕೇಳಿ ಕಾಳಯ್ಯನಿಗೆ ಆ ರಾತ್ರಿ ಮುದ್ದೆ ಒಂದು ಹೆಚ್ಚೇ ಇಳಿಯಿತು.

ನೆಲವನ್ನೇನೋ ಜೀವ ತೇಯ್ದು ಹಾಕಿದ. ಸಿಮೆಂಟಿಗೆ ಬೆರೆಸುವ ಕೆಂಪು ಬಣ್ಣದ ಪುಡಿಯನ್ನು ಮೂರು ಸಲ ಜರಡಿ ಹಿಡಿದ. ಮೇಲ್ಪದರವನ್ನು ಒಂದೇ ದಿನ, ಊಟಕ್ಕೂ ಏಳದೆ, ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಕರಣೆಯಿಂದ ತಿಕ್ಕಿ ಮುಗಿಸಿದ. ಮಾರನೇ ದಿನ ಅಂಚಿಗೆ ಜೇಡಿಮಣ್ಣಿನ ಕಟ್ಟೆ ಕಟ್ಟಿ ಕೋಣೆ ತುಂಬ ನೀರು ನಿಲ್ಲಿಸಿದ. ಹದಿನೈದು ದಿನ ನಿಲ್ಲಬೇಕು. ಸಿಮೆಂಟು ನೀರು ಕುಡಿಯುತ್ತ ಕುಡಿಯುತ್ತಲೇ ಗಟ್ಟಿಯಾಗುವುದು. ನಡುವೆ ಬಿಡಿಸಿದರೆ ಮೇಲುಮೇಲೆ ನುಣ್ಣಗೆ ಕಂಡರೂ ಆಮೇಲೆ ಪುಡಿ ಬಿಡುತ್ತ ಹೋಗುತ್ತದೆ, ವರ್ಷಾನುಗಟ್ಟಲೆ.

ಆರನೇ ದಿನ ತಂತಿ ಬಂತು. ಯಂತ್ರದ ಪೆಟ್ಟಿಗೆಗಳು ಮೊದಲೇ ಹೊರಟುಬಿಟ್ಟಿವೆ, ಮುಂದಿನ ವಾರವೇ ಮೈಸೂರು ಸ್ಟೇಷನ್ನಿಗೆ ಬರುತ್ತವೆ ಎಂದು. ದೊರೆಸ್ವಾಮಿಯವರು ತಂತಿ ಕಾಗದ ಹಿಡಿದುಕೊಂಡೇ ಓಡಿ ಬಂದರು.

"ಕಾಳಯ್ಯ, ಇವತ್ತೇ ನೀರು ತೆಗೆಸು. ಒದ್ದೆ ಕೋಣೆಗೆ ಆ ಪೆಟ್ಟಿಗೆ ತರೋ ಹಾಗಿಲ್ಲ."

ಕಾಳಯ್ಯ ನಿಂತ ನೀರಿನ ಕಡೆ ನೋಡಿದ. ಇನ್ನೂ ಒಂಬತ್ತು ದಿನ ಬೇಕು ಎಂದು ಹೇಳಲು ಬಾಯಿ ತೆರೆದ. ತೆರೆದ ಬಾಯಿಂದ ಬಂದದ್ದು, "ಆಗ್ಲಿ ಸಾಮಿ."

ಈ 'ಆಗ್ಲಿ ಸಾಮಿ' ಇದೆಯಲ್ಲ, ಇದರ ಕಥೆಯೇ ಬೇರೆ. ಕಾಳಯ್ಯನ ಅಪ್ಪ ಓವರ್‌ಸಿಯರುಗಳಿಗೆ ಹೇಳಿದ್ದೂ ಅದೇ, ಆ ಅಪ್ಪನ ಅಪ್ಪ ಅರಮನೆಯ ಬಕ್ಷಿಗಳಿಗೆ ಹೇಳಿದ್ದೂ ಅದೇ. ದೊಡ್ಡವರು ಚಂದ್ರನಿಗೆ ಸುಣ್ಣ ಬಳಿ ಎಂದರೂ ಮೊದಲು ಆಗ್ಲಿ ಎನ್ನುವುದು, ಆಮೇಲೆ ಮನೆಗೆ ಹೋಗಿ ಹೆಂಡತಿಯ ಮುಂದೆ ಗೊಣಗುವುದು. ಎಂಜಿನಿಯರಿಗೆ ಅವಸರವಿತ್ತು, ಸಿಮೆಂಟಿಗೆ ಅದು ಗೊತ್ತಿರಲಿಲ್ಲ. ಎರಡನ್ನೂ ಬಲ್ಲವನು ನಡುವೆ ನಿಂತು ತಲೆಯಾಡಿಸಿಬಿಟ್ಟ.

ಬೋರಮ್ಮ ಅವನ ಜೊತೆಯಲ್ಲೇ ನೆಲ ಉಜ್ಜುವ ಕೆಲಸದವಳು. ಹದಿನೆಂಟು ವರ್ಷ ನೆಲ ಉಜ್ಜಿದ ಮೊಣಕಾಲು, ಅದಕ್ಕಿಂತ ಗಟ್ಟಿಯಾದ ಬಾಯಿ. ಹೆಂಗಸರು ನೀರು ತೋಡಿ ಹೊರಗೆ ಚೆಲ್ಲುವಾಗ ಅವಳು ಕೇಳಿದಳು.

"ಆರ್ ದಿವ್ಸಕ್ಕೆ ನೀರ್ ತಗುದ್ರೆ ಪುಡಿ ಬುಡ್ತದೆ ಅಂತ ಯೋಳ್ದೆ ತಾನೆ?"

"ಯೋಳ್ಲಿಲ್ಲ."

"ಬಾಯ್ಗೇನು ಗಾರೆ ಮೆತ್ಕಂಡಿದ್ದಾ?"

"ಓದ್ದೋರು ಕಣಮ್ಮಿ ಅವ್ರು. ಗೊತ್ತಿಲ್ದೆ ಯೋಳ್ತಾರಾ?"

"ಗೊತ್ತಿಲ್ದೇ ತಾನೆ ನಿನ್ನ ಕರೆಸಿದ್ದು," ಎಂದಳು ಬೋರಮ್ಮ.

ನಾಲ್ಕು ದಿನಕ್ಕೆ ನೆಲ ಒಣಗಿತು, ಐದನೇ ದಿನ ಬೆರಳಿಗೆ ಬಣ್ಣ ಹತ್ತಿತು. ಕಾಳಯ್ಯ ಕೊಬ್ಬರಿ ಎಣ್ಣೆಗೆ ಮೇಣ ಕರಗಿಸಿ, ಉಳಿದ ಹೆಂಗಸರನ್ನು ಕರೆಯದೆ, ಎರಡು ದಿನ ಹೆಂಡತಿಯೊಬ್ಬಳ ಜೊತೆ ಕೂತು ಉಜ್ಜಿದ. ಬೋರಮ್ಮ ಬೈಯುತ್ತಲೇ ಉಜ್ಜಿದಳು. ಇದು ಎಷ್ಟು ದಿನ ಮುಚ್ಚಿಡ್ತದೆ ಎಂದು ಕೇಳಿದಳು. ಒಂದು ತಿಂಗಳು, ಹೆಚ್ಚೆಂದರೆ ಎರಡು ಎಂದ. ಆಮೇಲೆ ಎಂದಳು. ಆಮೇಲಿನದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಂತ್ರಗಳನ್ನು ಒಮ್ಮೆ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದರೆ ಆ ನೆಲವನ್ನು ಇನ್ನು ಯಾರೂ ಮುಟ್ಟುವ ಹಾಗಿಲ್ಲ. ನಾಲಿಗೆ ನಾಲಿಗೆಯ ಸಂದಿಗೆ ಅವನ ನೆಲ ಪುಡಿಪುಡಿಯಾಗಿ ಹಾರಿ ಕೂರುತ್ತದೆ. ಯಾರದೋ ಮನೆಯಲ್ಲಿ ಹೆರಿಗೆ ಕಷ್ಟವಾಗಿ ಡಾಕ್ಟರಿಗೆ ಫೋನು ಮಾಡುತ್ತಾರೆ, ಅದು ಹೋಗುವುದಿಲ್ಲ. ಕೇಳುವವರು ದೊರೆಸ್ವಾಮಿಯವರನ್ನು ಕೇಳುತ್ತಾರೆ. ಕಾಳಯ್ಯನಿಗೆ ನಾಲ್ಕು ದಿನದಿಂದ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೇಳುವುದಿದ್ದರೆ ಇವತ್ತೇ, ಪೆಟ್ಟಿಗೆ ಒಳಗೆ ಬರುವ ಮುಂಚೆ. ಬೋರಮ್ಮ ಬೆಳಿಗ್ಗೆ ಅವನಿಗೆ ಒಗೆದ ಬಿಳಿ ಜುಬ್ಬ ಕೊಟ್ಟು ಅಷ್ಟನ್ನೇ ಹೇಳಿ ಕಳಿಸಿದ್ದಳು.

ಏಳೂವರೆಗೆ ದೊರೆಸ್ವಾಮಿಯವರು ಬಂದರು. ಹೊಸ ಶರ್ಟು, ಹಣೆಯಲ್ಲಿ ಗಂಧ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು, ನೆಲ ನೋಡಿ, ಕಾಳಯ್ಯನ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಅವನಿಗೆ ಸಿಮೆಂಟಿನ ಮೂಟೆಯಷ್ಟು ಭಾರವಾಯಿತು.

"ಸಾಮಿ, ಒಂದ್ ಮಾತು," ಎಂದ.

"ನನಗೆ ಗೊತ್ತು ಕಣಯ್ಯ. ಹೆಂಗಸರಿಗೆ ಸೀರೆ ಕೊಡಿಸಬೇಕು ತಾನೆ? ಕೊಡಿಸ್ತೀನಿ."

"ಅದಲ್ಲ ಸಾಮಿ, ನೆಲದ್ದು..."

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ದೊರೆಸ್ವಾಮಿಯವರು ಕೂದಲು ಸರಿಮಾಡಿಕೊಳ್ಳುತ್ತ ಓಡಿದರು. ಮದ್ರಾಸಿನ ಸಾಹೇಬರು ಇಳಿದರು. ಎತ್ತರದ ಆಳು, ಕನ್ನಡ ಅಲ್ಪಸ್ವಲ್ಪ ಬರುತ್ತಿತ್ತು. ಅವರೂ ಬೂಟು ಬಿಚ್ಚಿಟ್ಟು, ಕಾಲುಚೀಲದಲ್ಲಿ ಒಳಗೆ ಬಂದು, ಕೋಣೆಯ ಸುತ್ತ ಒಂದು ಸುತ್ತು ಹಾಕಿದರು. ಕಾಳಯ್ಯ ಗೋಡೆಗೆ ಅಂಟಿಕೊಂಡು ಅವರ ಹೆಜ್ಜೆಯನ್ನೇ ನೋಡುತ್ತಿದ್ದ. ಕಾಲುಚೀಲ ಕಪ್ಪು. ಏನೂ ಕಾಣಲಿಲ್ಲ. ಬಿಳಿಯದು ಹಾಕಿಕೊಂಡು ಬಂದಿದ್ದರೆ ಈ ಮನುಷ್ಯ ತನ್ನನ್ನು ಬದುಕಿಸಿಬಿಡುತ್ತಿದ್ದ ಎಂದುಕೊಂಡ.

"ಪರವಾಗಿಲ್ಲ ದೊರೆಸ್ವಾಮಿ, ನಾನು ಸೋತೆ," ಎಂದರು ಸಾಹೇಬರು. "ಮಂಡ್ಯಕ್ಕೆ, ಹಾಸನಕ್ಕೆ ಇದೇ ನೆಲ ಹಾಕಿಸೋಣ. ಇದೇ ಮೇಸ್ತ್ರಿ."

ದೊರೆಸ್ವಾಮಿಯವರ ಮುಖ ಅರಳಿತು. ಒಂದು ಸುಳ್ಳು ನೆಲ ಸಾಲದೆಂದು ಇನ್ನೆರಡು ಊರು. ಕಾಳಯ್ಯ ಮತ್ತೊಮ್ಮೆ ದೊರೆಸ್ವಾಮಿಯವರ ಪಕ್ಕಕ್ಕೆ ಹೋಗಿ ಕೆಮ್ಮಿದ. ಅವರು ತಿರುಗಿಯೂ ನೋಡದೆ, ಪುರೋಹಿತರಿಗೆ ಜಾಗ ಬಿಡು ಎಂದು ಕೈಸನ್ನೆ ಮಾಡಿದರು.

ಪೂಜೆ ನಡೆದದ್ದು ಹೊಸ್ತಿಲ ಹೊರಗೆ. ಅದೂ ದೊರೆಸ್ವಾಮಿಯವರದೇ ಕಟ್ಟಪ್ಪಣೆ: ಅರಿಶಿನ, ಕುಂಕುಮ, ಅಕ್ಷತೆ, ಊದುಬತ್ತಿಯ ಬೂದಿ ಒಂದು ಚಿಟಿಕೆಯೂ ಒಳಗೆ ಬೀಳಬಾರದು, ಕಾಯಿ ಒಡೆಯುವುದೂ ವರಾಂಡದ ಮೆಟ್ಟಿಲ ಮೇಲೆಯೇ. ಪುರೋಹಿತರು ಗೊಣಗಿಕೊಂಡೇ ಮಂಗಳಾರತಿ ಎತ್ತಿದರು. ಧೂಳಿನ ಮೇಲೆ ಇಷ್ಟೊಂದು ಕಾವಲು, ಧೂಳು ಇರುವುದೋ ಕಾಲ ಕೆಳಗೆ. ಕಾಳಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವರಾಂಡದಲ್ಲಿ ಎಂಟು ಜನ ಹಮಾಲರು ಮೊದಲ ಪೆಟ್ಟಿಗೆಗೆ ಹಗ್ಗ ಬಿಗಿದು ಕಾಯುತ್ತಿದ್ದರು.

"ಎತ್ರಪ್ಪಾ," ಎಂದರು ದೊರೆಸ್ವಾಮಿ.

ಹಮಾಲರು ಹಗ್ಗಕ್ಕೆ ಹೆಗಲು ಕೊಟ್ಟರು. ಕಾಳಯ್ಯ ಬಾಯಿ ತೆರೆದ. ನಾಲಿಗೆ ಮೇಲಕ್ಕೆ ಅಂಟಿಕೊಂಡಿತ್ತು, ಒಂದು ಅಕ್ಷರ ಹೊರಡಲಿಲ್ಲ. ದೊಡ್ಡವರ ಮುಂದೆ ಅವನ ಮೈಗೆ ಅಭ್ಯಾಸವಾಗಿದ್ದದ್ದು ಒಂದೇ ಕೆಲಸ, ಅಡ್ಡಬೀಳುವುದು. ಅದನ್ನೇ ಮಾಡಿದ. ಹೊಸ್ತಿಲು ದಾಟಿ ಓಡಿ, ಕೋಣೆಯ ನಟ್ಟನಡುವೆ ಉದ್ದಕ್ಕೆ ಮಲಗಿಬಿಟ್ಟ. ಎದೆ, ಹೊಟ್ಟೆ, ಹಣೆ ಎಲ್ಲ ನೆಲಕ್ಕೆ ಒತ್ತಿದ. ಒತ್ತಿಕೊಂಡೇ ಒಂದಷ್ಟು ದೂರ ತೆವಳಿದ.

"ಪಾಪ, ಭಕ್ತಿ," ಎಂದರು ಸಾಹೇಬರು. ಹಮಾಲರು ಪೆಟ್ಟಿಗೆಯನ್ನು ಹಾಗೇ ಹಿಡಿದುಕೊಂಡು ನಿಂತರು. ಯಾರೋ ನಕ್ಕರು.

ಕಾಳಯ್ಯ ಎದ್ದು ದೊರೆಸ್ವಾಮಿಯವರ ಕಡೆಗೆ ತಿರುಗಿ ನಿಂತ. ಬಿಳಿ ಜುಬ್ಬ ಕತ್ತಿನಿಂದ ಹೊಟ್ಟೆಯವರೆಗೆ ಕೆಂಪಾಗಿತ್ತು. ಹಣೆ ಕೆಂಪು, ಮೂಗಿನ ತುದಿ ಕೆಂಪು, ಎರಡು ಅಂಗೈ ಕೆಂಪು.

"ಕುಂಕುಮ ಒಳಗೆ ತಂದೋರು ಯಾರ್ರೀ?" ಎಂದರು ದೊರೆಸ್ವಾಮಿ. ಹೇಳುತ್ತಿದ್ದ ಹಾಗೇ ಅವರಿಗೆ ತಿಳಿಯಿತು. ಬಣ್ಣ ಅವರ ಮುಖದಿಂದ ಇಳಿಯುತ್ತ ಹೋಯಿತು. ಬಗ್ಗಿ ಒಂದು ಬೆರಳು ನೆಲಕ್ಕೆ ಒತ್ತಿ ನೋಡಿದರು, ಇನ್ನೊಂದು ಕಡೆ ಒತ್ತಿ ನೋಡಿದರು. ಆಮೇಲೆ ಹಮಾಲರಿಗೆ, ಕೆಳಗಿಡಿ ಎಂದರು. ಅವರ ದನಿ ಅವರಿಗೇ ಕೇಳಿಸಿತೋ ಇಲ್ಲವೋ.

ಸಾಹೇಬರೂ ಬೆರಳು ಒತ್ತಿ ನೋಡಿದರು. ಕೂಗಾಡಲಿಲ್ಲ, ಅದೇ ಕಷ್ಟ. ಲಿನೋಲಿಯಂ ಎಂದು ಒಂದೇ ಮಾತು ಆಡಿ, ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತ ವರಾಂಡಕ್ಕೆ ನಡೆದರು. ಜನ ಅವರ ಹಿಂದೆ ಕರಗಿದರು. ಕೋಣೆಯಲ್ಲಿ ಇಬ್ಬರೇ ಉಳಿದರು.

"ನೀರು ತೆಗಿ ಅಂದ ದಿನ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಸಾಮಿ."

"ಮತ್ತೆ ಎಣ್ಣೆ ಬಳಿದು ಮುಚ್ಚಿದೆ. ನಾನು ನಿನ್ನ ನಂಬಿ ಕಾಗದ ಬರೆದಿದ್ದೆ ಕಣಯ್ಯ. ಆಗಲ್ಲ ಅಂತ ಅವತ್ತೇ ಒಂದು ಮಾತು ಹೇಳಿದ್ದರೆ ಆಗ್ತಿತ್ತಲ್ಲ."

ಕಾಳಯ್ಯ ಕೆಂಪು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಮುಂದೆ ಹಿಡಿದುಕೊಂಡಿದ್ದ.

"ಯೋಳಿದ್ರೆ ನೀವು ಬ್ಯಾರೆ ಮೇಸ್ತ್ರೀನ ಕರೆಸ್ತಿದ್ರಿ ಸಾಮಿ."

ದೊರೆಸ್ವಾಮಿಯವರು ಇಲ್ಲವೆನ್ನಲು ಬಾಯಿ ತೆರೆದರು. ತೆರೆದ ಬಾಯಿ ಮುಚ್ಚಿದರು. ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಬೋರಮ್ಮ ಮತ್ತು ಉಳಿದ ಹೆಂಗಸರು ಬೇಲಿಯ ಪಕ್ಕ ನಿಂತು, ಏನಾಯಿತೋ ಎಂದು ಇತ್ತಲೇ ದಿಟ್ಟಿಸುತ್ತಿದ್ದರು.

"ಕರೆಸ್ತಿದ್ದೆ," ಎಂದರು ದೊರೆಸ್ವಾಮಿ, ಮೆಲ್ಲಗೆ.

ವರಾಂಡದಿಂದ ಸಾಹೇಬರ ದನಿ ಬಂತು, ಎಷ್ಟು ದಿನ ಬೇಕು ಕೇಳಿ ಎಂದು. ದೊರೆಸ್ವಾಮಿಯವರು ಕಿಟಕಿಯಿಂದ ಇತ್ತ ತಿರುಗಿದರು. ಅಭ್ಯಾಸ ಬಲ ನೋಡಿ, ಅವರು ಕೇಳಲಿಲ್ಲ, ಹೇಳಿದರು.

"ಮೇಲ್ಪದರ ಪೂರ್ತಿ ಕಿತ್ತು, ಹೊಸ ಗಾರೆ ಹಾಕಿ ಸಮ ಮಾಡಿ, ಒಂದು ವಾರದಲ್ಲಿ ಲಿನೋಲಿಯಂಗೆ ನೆಲ ಒಪ್ಪಿಸಬೇಕು."

ಆ ಎರಡು ಪದ ಕಾಳಯ್ಯನ ತುಟಿಯವರೆಗೆ ಬಂದೇ ಬಂದವು. ಅವನು ಅವುಗಳನ್ನು ನುಂಗಿಕೊಂಡ.

"ಆಗಾಕಿಲ್ಲ ಸಾಮಿ. ಹದಿನೈದು ದಿವ್ಸ ನೀರು ನಿಲ್ಬೇಕು. ಆಮ್ಯಾಕೆ ಒಂದ್ ತಿಂಗ್ಳು ಒಣಗ್ಬೇಕು. ಅದಕ್ ಮುಂಚೆ ನಾನು ಒಪ್ಸಾಕಿಲ್ಲ."

ದೊರೆಸ್ವಾಮಿಯವರು ಅವನ ಮುಖವನ್ನು, ಕೆಂಪಾದ ಹಣೆಯನ್ನು ನೋಡಿದರು. ಆಮೇಲೆ ಬಾಗಿಲಿಗೆ ಹೋಗಿ, ಒಂದೂವರೆ ತಿಂಗಳು ಸರ್, ಪೆಟ್ಟಿಗೆಗಳು ಸ್ಟೇಷನ್ ಗೋಡೌನಿನಲ್ಲೇ ಕಾಯಲಿ ಎಂದರು. ಸಾಹೇಬರು ಏನೇನೋ ಇಂಗ್ಲಿಷಿನಲ್ಲಿ ಅಂದರು. ದೊರೆಸ್ವಾಮಿಯವರು ಅಷ್ಟನ್ನೂ ನಿಂತು ಕೇಳಿಸಿಕೊಂಡರು, ಆದರೆ ದಿನ ಇಳಿಸಲಿಲ್ಲ. ತಪ್ಪು ನನ್ನದು, ನೀರು ತೆಗೆಸಿದವನು ನಾನು ಎಂದದ್ದು ಮಾತ್ರ ಕಾಳಯ್ಯನಿಗೆ ಅರ್ಥವಾಯಿತು, ಅದನ್ನು ಅವರು ಕನ್ನಡದಲ್ಲಿ ಹೇಳಿದರು.

ಮಧ್ಯಾಹ್ನ ಉಳಿ, ಸುತ್ತಿಗೆ ಬಂದವು. ಹೆಂಗಸರು ಸಾಲಾಗಿ ಕೂತು ಮೇಸ್ತ್ರಿಯ ಮುಖ ನೋಡಿದರು. ಯಾರಿಗೂ ಮೊದಲ ಏಟು ಹಾಕಲು ಕೈ ಬರಲಿಲ್ಲ. ಕಾಳಯ್ಯ ಜುಬ್ಬ ಕಳಚಿಟ್ಟು, ಹೊಸ್ತಿಲ ಪಕ್ಕ ಕೂತು ತಾನೇ ಶುರು ಮಾಡಿದ. ಮೊದಲ ಏಟಿಗೆ ನೆಲ ಜಗ್ಗಲಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಅಂಗೈಯಗಲದ ಕೆಂಪು ಚಕ್ಕೆ ಎದ್ದಿತು. ಬೋರಮ್ಮ ಅದನ್ನು ಎತ್ತಿ ಬಾಂಡ್ಲಿಗೆ ಹಾಕಿಕೊಂಡಳು. ಕಾಳಯ್ಯ ಅಳುತ್ತಿದ್ದ, ಸುತ್ತಿಗೆ ಮಾತ್ರ ನಿಲ್ಲಿಸಲಿಲ್ಲ.