ದೇವಿಯ ಮುಡಿಯಿಂದ ಇಳಿದ ಹೂವು

ಲಕ್ಷ್ಮಿದೇವಮ್ಮನವರಿಗೆ ಸೊಸೆಯ ಮೇಲಿದ್ದ ದೂರು ಒಂದೇ: ಮನೆಗೆ ಕಸ ತರುತ್ತಾಳೆ. ಲೋಕದ ಸೊಸೆಯಂದಿರೆಲ್ಲ ಕಸ ಗುಡಿಸಿ ಆಚೆ ಹಾಕಿದರೆ, ಈ ಕಾತ್ಯಾಯಿನಿ ಭಾನುವಾರ ಬಂತೆಂದರೆ ಛತ್ರಿ ಹಿಡಿದು ಬೇಗೂರಿನ ಕೆರೆ, ಕೋಣನಕುಂಟೆಯ ಹೊಲ ಎಂದು ಸುತ್ತಿ, ಚೀಲದ ತುಂಬ ಸೊಪ್ಪುಸದೆ ಹೊತ್ತು ಜಯನಗರಕ್ಕೆ ಮರಳುತ್ತಿದ್ದಳು. ಅದನ್ನೆಲ್ಲ ಹಳೆಯ ಪೇಪರಿನ ಮಡಿಕೆಗಳಲ್ಲಿ ಹರಡಿ, ಒತ್ತಿ ಒಣಗಲೆಂದು ಮೇಲೆ ರಾಗಿ ಬೀಸುವ ಕಲ್ಲು ಹೇರುತ್ತಿದ್ದಳು. ಬೀಸಬೇಕೆಂದಾಗ ಕಲ್ಲು ಯಾವತ್ತೂ ಬಿಡುವಾಗಿರುತ್ತಿರಲಿಲ್ಲ.

ಮನೆಯಲ್ಲಿದ್ದದ್ದು ಇವರಿಬ್ಬರೇ, ಅತ್ತೆ ಮತ್ತು ಸೊಸೆ, ಇಬ್ಬರೂ ವಿಧವೆಯರು. ಮದುವೆಯಾದ ಎರಡನೆಯ ವರ್ಷವೇ ಮಗ ತೀರಿಕೊಂಡಾಗ, ನೆಂಟರಿಷ್ಟರು ಮೂಗು ಮುರಿದರೂ ಕೇಳದೆ ಸೊಸೆಯನ್ನು ಓದಿಸಿ ಮೇಡಂ ಮಾಡಿದವರು ಲಕ್ಷ್ಮಿದೇವಮ್ಮನವರೇ. ಹುಡುಗಿಯರ ಮಿಡ್ಲ್ ಸ್ಕೂಲಿನಲ್ಲಿ ಕಾತ್ಯಾಯಿನಿ ಹದಿನೆಂಟು ವರ್ಷ ಹೂವಿನ ಭಾಗಗಳ ಪಾಠ ಮಾಡಿದಳು. ವರ್ಷವೂ ಅದೇ ಪಾಠ, ಅದೇ ದಾಸವಾಳ. ಒಂದು ದಿನ ಬಂದು, "ದಾಸವಾಳ ನೋಡಿ ನೋಡಿ ನನಗೇ ಸಾಕಾಯ್ತು ಅತ್ತೆ. ಲೋಕದಲ್ಲಿ ಬೇರೆ ಹೂವೇ ಇಲ್ವೇ?" ಎಂದಳು. ಶುರುವಾದದ್ದು ಅಲ್ಲಿಂದ. ನಲವತ್ತಕ್ಕೆ ಎಲ್ಲರಿಗೂ ಚಾಳೀಸು ಬಂದರೆ ಇವಳಿಗೆ ಭೂತಗನ್ನಡಿ ಬಂತು.

ಹುಚ್ಚು ಎಂದವರುಂಟು. ಆದರೆ ಹುಚ್ಚು ಇಷ್ಟು ಶ್ರದ್ಧೆಯಿಂದ ದುಡಿಯುವುದಿಲ್ಲ. ಸ್ಕೂಲು ಬಿಟ್ಟ ಮೇಲೆ ಎರಡು ಬಸ್ಸು ಹತ್ತಿ ಕಾಲೇಜಿಗೆ ಹೋಗಿ, ತನ್ನ ಅರ್ಧ ವಯಸ್ಸಿನ ಹುಡುಗರ ಪಕ್ಕ ನಿಂತು, ನಾಲಿಗೆ ಹೊರಳದ ಲ್ಯಾಟಿನ್ ಹೆಸರುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದಳು. ಮುಳ್ಳು ಗೀರಿದ ಕೈಗೆ ಕೊಬ್ಬರಿಎಣ್ಣೆ ಸವರಿಕೊಂಡೇ ಅನ್ನಕ್ಕಿಡುತ್ತಿದ್ದಳು. ಕೊನೆಗೆ ಅಲ್ಲಿನ ಪ್ರೊಫೆಸರ್ ಬದರಿನಾಥರೇ ಗುರುತು ಸಿಗದ ಎಲೆಯೊಂದು ಕಂಡರೆ "ಮೇಡಂನ ಕೇಳಿ" ಎನ್ನುವಂತಾಯಿತು. ಸೊಸೆಯ ಎದುರಿಗೆ ಗೊಣಗುತ್ತಿದ್ದ ಲಕ್ಷ್ಮಿದೇವಮ್ಮನವರು ಪಕ್ಕದ ಮನೆಯ ವಿಮಲಾ ಬಂದರೆ ಸಾಕು, ಇದನ್ನೇ ಹೇಳಿಕೊಂಡು ಬೀಗುತ್ತಿದ್ದರು.

ಕಸದ ರಾಶಿಯಲ್ಲೆಲ್ಲ ದೊಡ್ಡ ಕಸವೆಂದರೆ ತುಳಸಿಯ ಪಕ್ಕದ ಕುಂಡದಲ್ಲಿದ್ದ ಒಂದು ಗೆಡ್ಡೆ. ಕೋಣನಕುಂಟೆ ದಾರಿಯ ಬಂಡೆಗುಡ್ಡದಲ್ಲಿ, ಕಲ್ಲಿನ ಸಂದಿಯಲ್ಲಿ ಕಾತ್ಯಾಯಿನಿ ಕಂಡ ಸಣ್ಣ ಬಳ್ಳಿ ಅದು. ಜಯನಗರದ ಮನೆಗಳ ಪಾಯಕ್ಕೆ ಸೈಜುಗಲ್ಲು ಬೇಕೆಂದು ಆ ಗುಡ್ಡಕ್ಕೆ ಮದ್ದಿಡುತ್ತಾರೆಂದು ತಿಳಿದು, ಹಿಂದಿನ ದಿನವೇ ಓಡಿ ಗೆಡ್ಡೆಯನ್ನು ಅಗೆದು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಈಗ ಗುಡ್ಡವೇ ಇಲ್ಲ. ಬೇರೆಲ್ಲಿ ಹುಡುಕಿದರೂ ಆ ಬಳ್ಳಿ ಸಿಕ್ಕಲಿಲ್ಲ. ಕುಂಡದಲ್ಲಿದ್ದದ್ದು ಬೇಸಿಗೆಯಲ್ಲಿ ಸತ್ತಂತೆ ಒಣಗಿ, ಮಳೆಗೆ ಚಿಗುರುತ್ತಿತ್ತು. ಹೂ ಮಾತ್ರ ಬಿಡಲಿಲ್ಲ. ಹೂವಿಲ್ಲದೆ ಗಿಡದ ಕುಲ ಹೇಳಲಾಗದು.

ಸಾವಿರದ ಒಂಬೈನೂರ ಅರವತ್ತೊಂದರ ಆಷಾಢದಲ್ಲಿ ಬಳ್ಳಿಯಲ್ಲಿ ಒಂದೇ ಒಂದು ಮೊಗ್ಗು ಕಂಡಿತು. ಅದೇ ಹೊತ್ತಿಗೆ ರಾಜ್ಯದ ಬೆಟ್ಟಗುಡ್ಡಗಳ ಗಿಡಗಳನ್ನೆಲ್ಲ ಸಂಗ್ರಹಿಸುವ ಕೆಲಸವೊಂದಕ್ಕೆ ಜನರನ್ನು ಆರಿಸುತ್ತಿದ್ದರು. ಬದರಿನಾಥರು ಕಾತ್ಯಾಯಿನಿಯ ಹೆಸರು ಸೂಚಿಸಿದರೆ, ಡಿಗ್ರಿಯಿಲ್ಲದ ಮಿಡ್ಲ್ ಸ್ಕೂಲ್ ಮೇಡಂ ಏಕೆ ಎಂದು ಕಮಿಟಿಯವರು ತಕರಾರು ತೆಗೆದಿದ್ದರು. "ಆ ಗಿಡದ ಹೂ ತೋರ್ಸಿ. ಇದುವರೆಗೂ ಯಾರೂ ಗುರುತಿಸದ ಹೊಸ ಗಿಡ ಆದ್ರೆ ಅವರ ಬಾಯಿ ಮುಚ್ಚಿಸ್ತೀನಿ" ಎಂದಿದ್ದರು ಬದರಿನಾಥರು. ಕಮಿಟಿ ಸೇರುವುದು ಶನಿವಾರ.

ಶುಕ್ರವಾರ ಬೆಳಗ್ಗೆ ಕಾತ್ಯಾಯಿನಿ ರಜೆ ಹಾಕಿ, "ಇವತ್ತು ಅರಳತ್ತೆ ಅತ್ತೆ. ಪ್ರೊಫೆಸರನ್ನ ಕರ್ಕೊಂಡೇ ಬರ್ತೀನಿ" ಎಂದು ಹೊರಟಳು.

ಸ್ನಾನ ಮುಗಿಸಿ ಮಡಿಯಲ್ಲಿ ಬಂದ ಲಕ್ಷ್ಮಿದೇವಮ್ಮನವರಿಗೆ ಹೂ ಅರಳಿದ್ದು ಕಂಡಿತು. ಪುಟ್ಟ ಹೂಜಿಯ ಆಕಾರ, ಹಸಿರಿನ ಮೇಲೆ ನೇರಳೆ ಚುಕ್ಕೆ. ಅವರ ಮನಸ್ಸು ತುಂಬಿ ಬಂತು. ಪಾಪ, ಎಷ್ಟು ಕಾದಿದ್ದಾಳೆ ಹುಡುಗಿ! ಆಷಾಢ ಶುಕ್ರವಾರ ಬೇರೆ. ಗಿಡದ ಮೊದಲ ಹೂ ದೇವರಿಗೆ ಸಲ್ಲಬೇಕು, ಸಂದರೆ ಹಿಡಿದ ಕೆಲಸ ಕೈಗೂಡುತ್ತದೆ. ಪ್ರೊಫೆಸರು ನೋಡಬೇಕಾದ ಗಿಡ ಹೇಗೂ ಕುಂಡದಲ್ಲೇ ಇರುತ್ತದಲ್ಲ. ಹೀಗೆಂದುಕೊಂಡು ಹೂವನ್ನು ನಾಜೂಕಾಗಿ ಕೊಯ್ದು, ಲಕ್ಷ್ಮಿಯ ವಿಗ್ರಹದ ಮುಡಿಗೇರಿಸಿ, ಸೊಸೆಯ ಹೆಸರು ಹೇಳಿ ಕುಂಕುಮಾರ್ಚನೆ ಮಾಡಿದರು.

ಮಧ್ಯಾಹ್ನ ಇಬ್ಬರೂ ಬಂದರು. ಕಾತ್ಯಾಯಿನಿ ನೇರವಾಗಿ ಕುಂಡದ ಹತ್ತಿರ ಹೋದಳು. ಬರಿ ತೊಟ್ಟು ನೋಡಿದಳು, ದೇವರ ಮನೆಯ ಕಡೆ ನೋಡಿದಳು. ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ಅಯ್ಯೋ, ಹೂ ಎಲ್ಲಿ ಮೇಡಂ?" ಎಂದರು ಬದರಿನಾಥರು.

"ಪೂಜೆಗೆ ಹೋಯ್ತು ಸಾರ್. ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ಯಾರಿಗ್ರೀ ಬೇಕು? ಕಮಿಟಿ ನಾಳೆ. ಬರೀ ಎಲೆ ತೋರ್ಸಿ ನಾನು ಏನಂತ ಹೇಳ್ಲಿ?"

ಲಕ್ಷ್ಮಿದೇವಮ್ಮನವರಿಗೆ ತಾವು ಮಾಡಿದ್ದರ ಅರ್ಥ ಆಗ ತಿಳಿಯಿತು. ಒಳ್ಳೆಯದಾಗಲೆಂದು ಮಾಡಿದ್ದೇ ಮುಳುವಾಯಿತಲ್ಲ. ಸೊಸೆ ಒಂದು ಮಾತು ಬೈದಿದ್ದರೂ ಎದುರು ಮಾತಾಡಿ ಹಗುರಾಗುತ್ತಿದ್ದರು. ಬೈಯದೆ ಕುಳಿತ ಆ ತಲೆ ತಗ್ಗಿಸಿದ ಮುಖವನ್ನು ನೋಡಲಾಗಲಿಲ್ಲ.

"ಆ ಹೂವೇ ಸಿಕ್ಕಿದ್ರೆ ಆಗತ್ತೇನೇ?" ಎಂದು ಕೇಳಿದರು.

"ಬೇಡ ಅತ್ತೆ. ದೇವರಿಗೆ ಏರಿಸಿದ್ದು."

ಅಂದಿನ ಹೂವನ್ನು ಅಂದೇ ಇಳಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಮರುದಿನ ಬೆಳಗ್ಗೆ ನಿರ್ಮಾಲ್ಯವೆಂದು ತೆಗೆದು, ಯಾರೂ ತುಳಿಯದ ಕಡೆ ಹಾಕಬೇಕು. ಹೆಚ್ಚು ಕಡಿಮೆಯಾದರೆ ಅಪಚಾರ. ಒಂದು ದಿನವೂ ಮಡಿ ತಪ್ಪದಿದ್ದ ಲಕ್ಷ್ಮಿದೇವಮ್ಮನವರು ಒಳಗೆ ಹೋಗಿ, ದೇವಿಗೆ ಕೈಮುಗಿದು, ಉರಿಯುವ ದೀಪದ ಮುಂದೆಯೇ ಹೂವನ್ನು ಇಳಿಸಿ ಅಂಗೈಯಲ್ಲಿಟ್ಟುಕೊಂಡು ಬಂದರು.

"ತಗೋ. ಈ ಮನೆಗೆ ಬಂದೋರಿಗೆಲ್ಲ ಹೂ ಕೊಟ್ಟು ಕಳಿಸಿದೀನಿ. ನಿನ್ನ ಕೈಗೆ ಮಾತ್ರ ಇಷ್ಟು ವರ್ಷ ಒಂದು ಎಸಳೂ ಇಡ್ಲಿಲ್ಲ. ಅದು ನನ್ನ ತಪ್ಪು. ಅಪಚಾರ ಅಂತಾದ್ರೆ ನನ್ನ ತಲೆಗೇ ಬರ್ಲಿ, ತಗೋ ಮಗಳೇ."

ಕಾತ್ಯಾಯಿನಿ ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಜಗುಲಿಯ ಬೆಳಕಿನಲ್ಲಿ ಕುಳಿತು ಸೂಜಿ ಹಿಡಿದಳು. ಒದ್ದೆ ಹತ್ತಿಯಿಂದ ಕುಂಕುಮ ಒರೆಸಿದಳು. ವರ್ಷಗಟ್ಟಲೆ ದಾಸವಾಳ ಬಿಡಿಸಿದ ಕೈ, ಒಂದು ಎಳೆಯನ್ನೂ ಹರಿಯದೆ ಹೂಜಿಯನ್ನು ಸೀಳಿತು. ಒಳಗಿನಿಂದ ನಾಲ್ಕಾರು ಸಣ್ಣ ನೊಣಗಳು ಹೊರಬಿದ್ದು ಹಾರಿದವು.

"ರಾಮ ರಾಮ! ದೇವರ ತಲೆ ಮೇಲೆ ನೊಣ ಕೂರ್ಸಿದ್ನೇ?"

"ಅವು ಇದರ ನೆಂಟರು ಅತ್ತೆ. ಒಳಗೆ ಕೆಳಮುಖವಾಗಿ ಕೂದಲಿದೆ ನೋಡಿ, ಒಳಗೆ ಹೋದ್ರೆ ವಾಪಸ್ ಬರೋಕ್ಕಾಗಲ್ಲ. ಹೂ ಬಾಡೋ ಹೊತ್ತಿಗೆ ಕೂದಲು ಸುಕ್ಕಾಗತ್ತೆ, ಆಗ ಪರಾಗ ಹೊತ್ಕೊಂಡು ಹೋಗ್ತಾವೆ."

ಲಕ್ಷ್ಮಿದೇವಮ್ಮನವರು ಭೂತಗನ್ನಡಿಯಲ್ಲಿ ಬಗ್ಗಿ ನೋಡಿದರು. ಹೌದು, ಕೂದಲಿತ್ತು. ಎಂಥ ಕೌಶಲ! ಇದನ್ನು ಕಟ್ಟಿದವನು ದೊಡ್ಡವನೋ, ಕಂಡುಹಿಡಿದವಳು ದೊಡ್ಡವಳೋ ಎಂದು ಅವರಿಗೆ ಆ ಗಳಿಗೆಯಲ್ಲಿ ಹೇಳಲಾಗುತ್ತಿರಲಿಲ್ಲ.

ಬದರಿನಾಥರು ಬಹಳ ಹೊತ್ತು ನೋಡಿ ಕನ್ನಡಕ ತೆಗೆದರು. "ಇಷ್ಟು ವರ್ಷದಲ್ಲಿ ನಾನು ಇದನ್ನ ಕಂಡೇ ಇಲ್ಲ ಮೇಡಂ. ನಾಳೆ ಕಮಿಟಿ ಮುಂದೆ ಇದನ್ನೇ ಇಡ್ತೀನಿ. ಇನ್ನು ಯಾರೂ ಬೇಡ ಅನ್ನಲ್ಲ. ಆದ್ರೆ ಸ್ಕೂಲ್ ಬಿಡ್ಬೇಕಾಗತ್ತೆ, ತಿಂಗಳುಗಟ್ಲೆ ಬೆಟ್ಟ ಸುತ್ಬೇಕಾಗತ್ತೆ. ಮನೇಲಿ ಒಪ್ತಾರಾ?"

ಕಾತ್ಯಾಯಿನಿ ಅತ್ತೆಯ ಮುಖ ನೋಡಿದಳು.

"ದೇವಿ ಮುಡಿಯಿಂದ ಇಳಿಸಿ ಕೊಟ್ಟಿದೀನಿ. ಇನ್ನೆಂಥ ಒಪ್ಪಿಗೆ ಬೇಕು ಸಾರ್?" ಎಂದರು ಲಕ್ಷ್ಮಿದೇವಮ್ಮನವರು.

ಕಾತ್ಯಾಯಿನಿ ಸೆರಗಿನಿಂದ ಕಣ್ಣೊರೆಸಿಕೊಂಡು, ಬಂದವರಿಗೆ ಕಾಫಿ ತರಲು ಏಳಹೋದಳು. ಅತ್ತೆ ಅವಳ ಭುಜ ಒತ್ತಿ ಕೂರಿಸಿದರು.

"ಹೂ ಬಾಡೋದ್ರೊಳಗೆ ನಿನ್ನ ಕೆಲಸ ಮುಗಿಸು. ಕಾಫಿ ನಾನು ತರ್ತೀನಿ."