ಮಗಳು ಕರೆದ ಸಭೆ

ಮಗಳ ಬಾಯಿಂದ ಮೊದಲ ಅಕ್ಷರ ಹೊರಬಿದ್ದರೆ ಸಾಕು, ಉಳಿದದ್ದನ್ನು ಟೈಲರಮ್ಮ ತಾನೇ ಮುಗಿಸಿಬಿಡುತ್ತಿದ್ದಳು. ಹದಿನೇಳು ವರ್ಷದ ರೂಢಿ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಪುಟ್ಟಿಯ ಬಲಗೈ, ಬಲಗಾಲು, ನಾಲಿಗೆ ಮೂರೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಒಂದು ವಾಕ್ಯ ಹೊರಬರಲು ಒಂದು ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತು ಕಾಯುವ ಪುರುಸೊತ್ತು ಯಾರಿಗಿದೆ? ಡಾಕ್ಟರು, ಅಂಗಡಿಯವನು, ನೆರೆಮನೆಯವರು ಎಲ್ಲರೂ ಪ್ರಶ್ನೆಯನ್ನು ಪುಟ್ಟಿಗೆ ಕೇಳಿ, ಉತ್ತರಕ್ಕೆ ತಾಯಿಯ ಮುಖ ನೋಡುತ್ತಿದ್ದರು. ತಾಯಿ ಪಟಪಟನೆ ಹೇಳಿಬಿಡುತ್ತಿದ್ದಳು. ಗಂಡ ತೀರಿಹೋದ ಮೇಲಂತೂ ಆ ಮನೆಯಲ್ಲಿ ಕೇಳುತ್ತಿದ್ದದ್ದು ಎರಡೇ ಸದ್ದು: ಹೊಲಿಗೆ ಮೆಷಿನ್ನಿನದು, ಅವಳದು.

ಆ ವರ್ಷ ಶಾಲೆಯಲ್ಲಿ ಹೊಸ ಪದ್ಧತಿ ಬಂತು. ಶಾಲೆ ಮುಗಿದ ಮೇಲೆ ಮುಂದೇನು ಎಂದು ತೀರ್ಮಾನಿಸುವ ಸಭೆಯನ್ನು ಕೊನೆಯ ವರ್ಷದ ಮಕ್ಕಳೇ ನಡೆಸಬೇಕು. ಯಾರು ಬರಬೇಕೆಂದು ತಾವೇ ಆರಿಸಿ, ತಾವೇ ಬಾಯಿಬಿಟ್ಟು ಕರೆಯಬೇಕು. ತಂದೆತಾಯಿಯರನ್ನು ಕೂರಿಸಿಕೊಂಡು ಟೀಚರ್ ಒತ್ತಿ ಹೇಳಿದ್ದರು: "ನಿಮ್ಮನ್ನೂ ಮಕ್ಕಳೇ ಕರೀಬೇಕು. ನೀವಾಗಿ ಕೇಳಿ ಕರೆಸ್ಕೋಬೇಡಿ. ಮನೇಲಿ ಅವರು ಮಾತಾಡೋಕೆ ಜಾಗ ಬಿಡಿ, ಅಷ್ಟೇ ನಿಮ್ಮ ಹೋಮ್‌ವರ್ಕ್."

ಇದೇನು ಮಹಾ ಕೆಲಸ ಎಂದುಕೊಂಡಳು ಟೈಲರಮ್ಮ.

ಸೋಮವಾರ ತಂಗಿಯ ಫೋನ್ ಬಂತು. "ಅಕ್ಕಾ, ಶುಕ್ರವಾರದ ಸಭೆಗೆ ಪುಟ್ಟಿ ನನ್ನನ್ನೂ ಕರೆದಿದಾಳೆ ಕಣೇ! ಪೂರ್ತಿ ಮೂರು ನಿಮಿಷ ಫೋನಲ್ಲಿ. ನಾನಂತೂ ಉಸಿರು ಬಿಗಿಹಿಡ್ಕೊಂಡು ಕೇಳ್ದೆ."

"ಇನ್ಯಾರು ಬರ್ತಾರಂತೆ?"

"ಲೈಬ್ರರಿ ಮೇಡಮ್ಮು, ವ್ಯಾನ್ ಡ್ರೈವರು. ನೀನಂತೂ ಇದ್ದೇ ಇರ್ತೀಯಲ್ಲ."

"ಹೂಂ" ಎಂದು ಫೋನಿಟ್ಟಳು. ಅವಳನ್ನು ಯಾರೂ ಕರೆದಿರಲಿಲ್ಲ. ದಿನಕ್ಕೆರಡು ಸಲ ವ್ಯಾನಿನ ಬಾಗಿಲು ತೆಗೆಯುವವನಿಗೆ ಕರೆ, ಹೆತ್ತು ಹೊತ್ತು ಸಾಕಿದವಳಿಗೆ ಇಲ್ಲ! ಕೇಳೋಣವೆಂದರೆ ಟೀಚರ ಕಟ್ಟಪ್ಪಣೆ, ಅದಕ್ಕಿಂತ ದೊಡ್ಡದಾಗಿ ಅವಳದೇ ಬಿಗುಮಾನ.

ಮಂಗಳವಾರ ಜಡೆ ಹಾಕುವಾಗ ಪುಟ್ಟಿ, "ಅಮ್ಮಾ, ಶು... ಶುಕ್ರ..." ಎಂದಳು.

"ಶುಕ್ರವಾರಕ್ಕೆ ಡ್ರೆಸ್ ತಾನೆ? ಇಸ್ತ್ರಿ ಮಾಡಿಟ್ಟಿದೀನಿ."

ಬುಧವಾರ ಊಟಕ್ಕೆ ಕೂತಾಗ, "ನೀ... ನೀನು..." ಎಂದಳು.

"ನಂದು ಆಮೇಲೆ. ನೀನು ತಿನ್ನು, ಆರಿಹೋಗತ್ತೆ."

ಗುರುವಾರ ಸಂಜೆ ಮೆಷಿನ್ನಿನ ಪಕ್ಕ ಬಂದು ನಿಂತು ಬಾಯಿ ತೆರೆದಳು.

"ಕಾಲು ನೋಯ್ತಿದೆಯಾ? ಹೋಗಿ ಸ್ವಲ್ಪ ಒರಗಿಕೋ, ಹೋಗು."

ಪುಟ್ಟಿ ಹೋದಳು. ಕರೆಯುವ ಮನಸ್ಸಿದ್ದರೆ ಇಷ್ಟು ಹೊತ್ತಿಗೆ ಕರೆಯುತ್ತಿರಲಿಲ್ಲವೇ ಎಂದು ತಾಯಿ ಬಟ್ಟೆಯ ಮೇಲೆ ಕಣ್ಣೀರು ಹಾಕಿದಳು.

ಶುಕ್ರವಾರ ವ್ಯಾನ್ ಹತ್ತುವಾಗ ಪುಟ್ಟಿ ಎರಡು ಸಲ ತಿರುಗಿ ನೋಡಿದಳು. ತಾಯಿ ಮುಖ ತಿರುಗಿಸಿಕೊಂಡು ಒಳಗೆ ಬಂದಳು. ಮೆಷಿನ್ ತುಳಿಯಲು ಕಾಲೇ ಬರಲಿಲ್ಲ. ಪಕ್ಕದಲ್ಲಿ ಪುಟ್ಟಿಯ ಪುಟ್ಟ ಸ್ಟೂಲಿತ್ತು, ಅದರ ಬುಡದಲ್ಲಿ ಗುಂಡಿ ತುಂಬಿದ ಡಬ್ಬ. ಶಾಲೆ ಮುಗಿದ ಮೇಲೆ ಮಗಳು ಆ ಸ್ಟೂಲಿನ ಮೇಲೆ ಕೂತು, ಎಡಗೈಯಲ್ಲಿ ಗುಂಡಿ ಆರಿಸುತ್ತಾ, ಕೊನೆಯವರೆಗೂ ತನ್ನ ಪಕ್ಕದಲ್ಲೇ ಇರುತ್ತಾಳೆಂದು ತಾಯಿ ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು. ಖಾಲಿ ಸ್ಟೂಲು ನೋಡುತ್ತಾ ಅವಳು ಒಂದು ಗಂಟೆ ಕೂತಳು.

ಫೋನ್ ಬಂತು. ಟೀಚರು. "ಎಲ್ಲರೂ ಬಂದಾಯ್ತು. ನೀವು ಬರದೆ ಶುರು ಮಾಡಲ್ಲ ಅಂತ ಪುಟ್ಟಿ ಹಟ ಹಿಡಿದಿದಾಳೆ."

"ನನ್ನನ್ನ ಯಾರು ಕರೆದ್ರು?"

"ಮೂರು ಸಲ ಶುರು ಮಾಡಿದಳಂತೆ," ಎಂದರು ಟೀಚರು ಮೆಲ್ಲಗೆ. "ಒಂದು ಸಲನೂ ಮುಗಿಸೋಕೆ ಆಗ್ಲಿಲ್ಲವಂತೆ."

ಜಡೆ, ತಟ್ಟೆ, ಮೆಷಿನ್ನು, ಮೂರೂ ಒಟ್ಟಿಗೇ ಕಣ್ಣ ಮುಂದೆ ಬಂದವು. ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಎದ್ದುಬಿದ್ದು ಓಡಿದಳು.

ಉದ್ದನೆಯ ಮೇಜಿನ ತಲೆಭಾಗದಲ್ಲಿ ಪುಟ್ಟಿ ಕೂತಿದ್ದಳು. ತಂಗಿ, ಲೈಬ್ರರಿ ಮೇಡಮ್ಮು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡ ಡ್ರೈವರು. ಪುಟ್ಟಿಯ ಎಡಕ್ಕೆ, ಚೆನ್ನಾಗಿರುವ ಕೈಯ ಕಡೆಗೆ, ಒಂದು ಕುರ್ಚಿ ಖಾಲಿಯಿತ್ತು. ತಾಯಿ ಕೂತಳು.

"ನಾ... ನಾನು..." ಪುಟ್ಟಿ ಶುರುಮಾಡಿದಳು. ತಾಯಿಯ ನಾಲಿಗೆ ತುರಿಸಿತು. ಮೇಜಿನ ಕೆಳಗೆ ಟೇಪನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ಮನಸ್ಸಿನಲ್ಲೇನೋ ಅವಳು ಆ ವಾಕ್ಯವನ್ನು ಆಗಲೇ ಮುಗಿಸಿಟ್ಟಿದ್ದಳು: ಅಮ್ಮನ ಜೊತೆಗೇ ಇರ್ತೀನಿ.

"...ಬೈಂಡಿಂಗ್... ಕಲೀ...ತೀನಿ. ಹಳೇ ಪುಸ್ತಕ... ರಿಪೇರಿ. ಬೇರೆ ಊರು. ಹಾಸ್ಟೆಲ್. ಒಂದು... ವರ್ಷ."

ಲೈಬ್ರರಿ ಮೇಡಮ್ಮು ಪುಟ್ಟಿ ಅಂಟಿಸಿದ ಪುಸ್ತಕಗಳನ್ನು ಹೆಮ್ಮೆಯಿಂದ ಮೇಜಿನ ಮೇಲಿಟ್ಟರು. ಮಗಳು ಯಾವಾಗ ಇದನ್ನೆಲ್ಲ ಕಲಿತಳೋ ತಾಯಿಗೆ ಗೊತ್ತೇ ಇರಲಿಲ್ಲ.

"ಅಮ್ಮ, ನೀವೇನಂತೀರಿ?" ಎಂದರು ಟೀಚರು.

ಟೈಲರಮ್ಮ ಬಾಯಿ ತೆರೆದಳು. "ನಂಗೆ... ನಂಗೆ..."

"ಅಕ್ಕಂಗೆ ಖುಷಿ ಆಗಿದೆ, ಅದಕ್ಕೇ ಮಾತು..." ಎಂದು ತಂಗಿ ನೆರವಿಗೆ ಬಂದಳು.

ಪುಟ್ಟಿ ಎಡಗೈ ಎತ್ತಿದಳು. "ತ... ತಡಿ, ಚಿಕ್ಕಮ್ಮ. ಅಮ್ಮ... ಹೇಳಲಿ."

ಎಲ್ಲರೂ ಕಾದರು. ಟೈಲರಮ್ಮನ ಮಾತಿಗೆ ಇಷ್ಟು ಹೊತ್ತು ಯಾರೂ ಯಾವತ್ತೂ ಕಾದಿರಲಿಲ್ಲ.

"ನಂಗೆ ಒಬ್ಬಳೇ ಇರೋಕೆ ಗೊತ್ತಿಲ್ಲ ಪುಟ್ಟೀ," ಎಂದಳು ಕೊನೆಗೆ.

ಪುಟ್ಟಿ ತಾಯಿಯ ಮುಖವನ್ನೇ ನೋಡಿದಳು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಈ ಮಾತಿನ ಕೊನೆ ಏನಿದ್ದೀತೆಂದು ತಾಯಿಗೆ ಹೊಳೆಯಲಿಲ್ಲ. ಕೈಕಟ್ಟಿ ಕಾದಳು.

"ನಂ... ನಂಗೂ... ಗೊತ್ತಿಲ್ಲಮ್ಮ," ಎಂದಳು ಪುಟ್ಟಿ. "ಆದ್ರೂ... ಹೋ...ಗ್ತೀನಿ."