ಮೂವತ್ತೊಂದನೆಯ ಪುಟದ ಹಸಿರು ಟಿಪ್ಪಣಿ

ಹುಡುಕದೆ ಸೇರಿಸಬೇಡಿ ಅಂತ ನಮ್ಮ ಗುಂಪಿನವರಿಗೆ ಬೈದು ಬೈದು ನನ್ನ ಗಂಟಲು ಕಟ್ಟಿದೆ. ಕಡಲಪಾಚಿಯ ಬೆನ್ನು ಹತ್ತಿದ ಸಂಶೋಧಕರು ನಾವು ಹನ್ನೊಂದು ಜನ, ಹೋಬಾರ್ಟ್‌ನಿಂದ ಫಿಜಿಯ ಸುವಾದವರೆಗೆ. ಓದಬೇಕಾದ ಪ್ರಬಂಧಗಳನ್ನೆಲ್ಲ ಅಂತರ್ಜಾಲದ ಒಂದೇ ಕಪಾಟಿನಲ್ಲಿ ಇಡುತ್ತೇವೆ, ನಾಲ್ಕು ಸಾವಿರಕ್ಕೂ ಮೇಲಿವೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಯಾರು ಗೆರೆ ಎಳೆದರೂ, ಅಂಚಿನಲ್ಲಿ ಟಿಪ್ಪಣಿ ಬರೆದರೂ ಉಳಿದವರಿಗೆ ಕಾಣುತ್ತದೆ. ಇಲಿಯೇಸಾನ ಬಣ್ಣ ಹಸಿರು.

ಅವನು ಫಿಜಿಯವನು. ಎರಡು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತಿದ್ದ, ನನ್ನ ಜೊತೆ ನೀರಿಗಿಳಿದಿದ್ದ. ನಾನು ಅವನನ್ನು ಪ್ರೀತಿಸುತ್ತಿದ್ದೆ, ಹೇಳಿರಲಿಲ್ಲ. ಕೆಲಸದ ಕರಾರು ಮುಗಿದು ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ನನ್ನ ಮುಖವನ್ನೇ ನೋಡುತ್ತ ನಿಂತ. ನಾನೋ, ಈಜುಬೂಟು ಮರೆತು ಬಂದಿದ್ದೀಯಲ್ಲೋ ದಡ್ಡ ಅಂತ ಬೈದು ಕಳಿಸಿದೆ.

ಆಮೇಲೆ ಕಪಾಟಿನಲ್ಲಿ ಹಸಿರು ಗೆರೆ ಬೀಳುವುದೇ ನಿಂತಿತು. ಮೂರು ವರ್ಷ ನಾಲ್ಕು ತಿಂಗಳಾಯಿತು. ಗೊತ್ತಿದ್ದ ಹಳೆಯ ಟಿಪ್ಪಣಿಗಳನ್ನೇ ತೆರೆದು ಓದುತ್ತಿದ್ದೆ. ತಿರುಗಿಯೂ ನೋಡದೆ ಹೋದವನ ಅಕ್ಷರ ಓದುವ ಈ ದರಿದ್ರ ಚಟ ನನಗೇಕೆ ಎಂದು ನನ್ನನ್ನೇ ಶಪಿಸಿಕೊಳ್ಳುತ್ತಿದ್ದೆ.

ಗುರುವಾರ ನಮ್ಮ ಮುಖ್ಯಸ್ಥೆ ಹೆಸ್ಟರ್ ಬಂದಳು. "ಬ್ರಾಯನಿ, ಕಪಾಟಲ್ಲಿ ಒಂದೇ ಪ್ರಬಂಧ ಎರಡೆರಡು ಸಲ ಇದೆಯಲ್ಲೇ! ನೀನೇ ಅಲ್ವಾ ಪೊಲೀಸಮ್ಮ, ಹಿಡಿ ನೋಡೋಣ."

"ಕಳ್ಳ ಸಿಗ್ಲಿ, ಚರ್ಮ ಸುಲೀತೀನಿ," ಅಂದೆ.

ಚಹಾ ಆರುವುದರೊಳಗೆ ಕಳ್ಳ ಸಿಕ್ಕಿದ. ನಾನೇ. 1974ರ ಒಂದು ಕಡಲಪಾಚಿ ಸಮೀಕ್ಷೆಯನ್ನು ಇಲಿಯೇಸಾ ಮೊದಲೇ ಸೇರಿಸಿದ್ದ. ನಾನು ಹುಡುಕದೆ, ಇಸವಿಯನ್ನೂ ತುಂಬದೆ, ಇನ್ನೊಂದು ಪ್ರತಿ ತುರುಕಿದ್ದೆ; ಹಾಗಾಗಿ ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದಿರಲಿಲ್ಲ. ಅಂದಿನಿಂದ ನನ್ನದನ್ನೇ ತೆರೆಯುತ್ತಿದ್ದೆ. ಅವನದನ್ನು ಅಳಿಸುವ ಮುಂಚೆ ಒಮ್ಮೆ ಪುಟ ತಿರುವಿದೆ. ಮೂವತ್ತೊಂದನೆಯ ಪುಟದಲ್ಲಿ, ನಾವಿಬ್ಬರೂ ಮುಳುಗು ಹಾಕುತ್ತಿದ್ದ ಕೊಲ್ಲಿಯ ನಕ್ಷೆಯ ಪಕ್ಕ, ಹಸಿರಿನಲ್ಲಿ ಹೀಗಿತ್ತು:

"ಈ ಹಳೇ ಕಂತೆ ನಿನ್ನ ಬಿಟ್ರೆ ಯಾರೂ ತೆರೆಯಲ್ಲ. ಎದುರಿಗೆ ಕೇಳೋ ಧೈರ್ಯ ಇಲ್ಲ. ಉಳ್ಕೋ ಅಂದ್ರೆ ಉಳ್ಕೋತೀನಿ, ಬ್ರಾಯನಿ. ಉತ್ತರ ಇಲ್ಲೇ ಬರಿ."

ಅವನು ಹೊರಡುವುದಕ್ಕೆ ಐದು ವಾರ ಮುಂಚಿನ ತಾರೀಖು.

ಅಯ್ಯೋ ದೇವರೇ! ಯೋಚಿಸದೆ ಸುವಾಕ್ಕೆ ಫೋನ್ ಹಚ್ಚಿದೆ.

"ಬೂಲಾ, ಬ್ರಾಯನಿ!" ಎಂದು ತನ್ನ ಭಾಷೆಯಲ್ಲಿ ನಮಸ್ಕಾರ ಹೇಳಿದ, ನಿನ್ನೆಯಷ್ಟೇ ಮಾತಾಡಿದವನ ಹಾಗೆ.

"ಮೂವತ್ತೊಂದನೇ ಪುಟ ಇವತ್ತು ನೋಡಿದೆ ಕಣೋ. ಇಷ್ಟು ದಿನ ನಾನು ಬೇರೆ ಪ್ರತಿ ಓದ್ತಿದ್ದೆ. ಎರಡಿತ್ತು."

"ಎರಡಾ?" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. "ದಿನಾ ಬೆಳಿಗ್ಗೆ ತೆಗೆದು ನೋಡ್ತಿದ್ದೆ ಮಾರಾಯ್ತಿ. ನೀನು ಪಕ್ಕದಲ್ಲೇ ಕೂತಿರ್ತಿದ್ದೆ."

"ಬಾಯಿಬಿಟ್ಟು ಕೇಳಕ್ಕೆ ನಿಂಗೇನು ದಾಡಿ?"

"ನಿನ್ನ ಮುಂದೆ ಬಾಯಿಬಿಟ್ಟು ಬದುಕಿದೋರು ಯಾರಿದಾರೆ ಹೇಳು."

ಅವನ ಹಿಂದೆ ಮಗುವೊಂದು ಅಳುತ್ತಿತ್ತು, ಯಾರೋ ಹೆಂಗಸು ಸಮಾಧಾನ ಮಾಡುತ್ತಿದ್ದಳು. ಅವನ ಮದುವೆಯ ಸುದ್ದಿಯನ್ನು ಹೆಸ್ಟರ್ ಹೋದ ವರ್ಷವೇ ಹೇಳಿದ್ದಳು. ಮಗುವಿನ ವಿಷಯ ಹೇಳಿರಲಿಲ್ಲ.

"ಒಂದು ಹೇಳು," ಅಂದ, ದನಿ ತಗ್ಗಿಸಿ. "ಆಗಲೇ ನೋಡಿದ್ರೆ ಏನು ಬರೀತಿದ್ದೆ?"

ಕಡ್ಡಿ ಮುರಿದಂತೆ ಮಾತಾಡುವವಳು ನಾನು. ಸುಳ್ಳು ನನ್ನ ನಾಲಿಗೆಗೆ ಒಗ್ಗುವುದಿಲ್ಲ.

"ಹೋಗು ಅಂತ ಬರೀತಿದ್ದೆ," ಅಂದೆ.

ಅವನು ಉಸಿರುಬಿಟ್ಟದ್ದು ಕೇಳಿಸಿತು. "ಹಾಗಾದ್ರೆ ಒಳ್ಳೇದೇ ಆಯ್ತು ಬಿಡು."

"ಹೂಂ, ಒಳ್ಳೇದೇ ಆಯ್ತು. ಮಗೂನ ಎತ್ಕೋ ಹೋಗು, ಪಾಪ."

ಫೋನಿಟ್ಟೆ. ಆಮೇಲೆ ಆ ಪುಟದ ಮುಂದೆ ಕೂತು, ಹೆಸ್ಟರ್‌ಗೆ ಕೇಳಿಸದಷ್ಟು ಮೆಲ್ಲಗೆ, "ಉಳ್ಕೊಳ್ಳೋ" ಎಂದೆ.